ಅಪ್‌ಡೇಟ್ ಆದ ಮೇಲೆ ಒಮ್ಮೆ ನೋಡಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಕಂಪ್ಯೂಟರ್ ಇರುವ ಹಿರಿಯರಿಗೆ ಇವತ್ತು ನಾನು ಹೇಳುವುದು ಒಂದೇ ಮಾತು. ಕಂಪ್ಯೂಟರ್ ನಡೆಸುವ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಬ್ರೌಸರ್ ಬದಲಾಗಿದೆಯಾ, ಒಮ್ಮೆ ನೋಡಿ.

ಕ್ರೋಮ್, ಫೈರ್‌ಫಾಕ್ಸ್, ಎಡ್ಜ್, ಇವೆಲ್ಲ ಬ್ರೌಸರ್‌ಗಳು, ಅಂದರೆ ಇಂಟರ್‌ನೆಟ್ ಪುಟಗಳನ್ನು ತೆರೆದು ತೋರಿಸುವ ಸಾಫ್ಟ್‌ವೇರ್. ನೀವು ಲಿಂಕ್ ಒತ್ತಿದಾಗ ತಾನಾಗಿ ತೆರೆದುಕೊಳ್ಳುತ್ತದಲ್ಲ, ಅದೇ ಡಿಫಾಲ್ಟ್ ಬ್ರೌಸರ್. ಇಷ್ಟು ಗೊತ್ತಿದ್ದರೆ ಸಾಕು.

ನಮ್ಮ ಬೀದಿಯಲ್ಲಿ ರಿಟೈರ್ ಆದ ಮೇಷ್ಟ್ರೊಬ್ಬರಿದ್ದಾರೆ. ವಚನಗಳ ಪುಟ ಎಲ್ಲಿ ಸಿಕ್ಕಿದರೂ ಬುಕ್‌ಮಾರ್ಕ್ ಮಾಡಿಡುತ್ತಾರೆ, ಅಂದರೆ ಮತ್ತೆ ಸಿಗಲಿ ಅಂತ ಬ್ರೌಸರ್‌ನಲ್ಲಿ ಗುರುತು ಹಾಕಿಡುತ್ತಾರೆ. ಒಂದು ಬೆಳಿಗ್ಗೆ ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರೆ ಬೇರೆಯದೇ ಬ್ರೌಸರ್ ತೆರೆಯಿತು. ಬುಕ್‌ಮಾರ್ಕ್ ಒಂದೂ ಇಲ್ಲ. ಪಾಸ್‌ವರ್ಡ್‌ಗಳೂ ಇಲ್ಲ. ಹಿಂದಿನ ಸಂಜೆ ಮೊಮ್ಮಗ ಅದರಲ್ಲಿ ಆಟ ಆಡಿದ್ದ. ಅವನೇ ಏನೋ ಅಳಿಸಿದ್ದಾನೆ ಅಂತ ಚೆನ್ನಾಗಿ ಬೈದುಬಿಟ್ಟರು. ಹುಡುಗ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೇ ದಿನ ನನ್ನನ್ನು ಕರೆದು, "ನಾಲ್ಕು ವರ್ಷದಿಂದ ಕೂಡಿಟ್ಟಿದ್ದು ಹೋಯ್ತಲ್ಲಮ್ಮಾ" ಅಂದರು. ನೋಡಿದರೆ, ಹುಡುಗ ಆಡಿ ಎದ್ದುಹೋದ ರಾತ್ರಿಯೇ ಅಪ್‌ಡೇಟ್ ಆಗಿತ್ತು! ಹಳೆಯ ಬ್ರೌಸರ್ ಹುಡುಕಿ ತೆರೆದೆ. ಒಂದು ವಚನವೂ ಕಳೆದಿರಲಿಲ್ಲ. ಮೇಷ್ಟ್ರು ಮೊದಲು ಮೊಮ್ಮಗನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಆ ಮಗು ಯಾಕೆ ಬೈಸಿಕೊಳ್ಳಬೇಕಿತ್ತು ಹೇಳಿ? ಬ್ರೌಸರ್ ಬದಲಾಗಿದೆ ಅಂತ ಪರದೆಯ ಮೇಲೆ ಒಂದು ಸಾಲು ಕನ್ನಡದಲ್ಲಿ ಬಂದಿದ್ದರೆ ಸಾಕಿತ್ತು.

ಇದು ಸಣ್ಣ ವಿಷಯ ಅಲ್ಲ. 2015ರ ಜುಲೈನಲ್ಲಿ ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 10 ಬಂತು. ಅದನ್ನು ಹಾಕಿಕೊಳ್ಳುವಾಗ ಅವಸರದಲ್ಲಿ 'ಎಕ್ಸ್‌ಪ್ರೆಸ್ ಸೆಟ್ಟಿಂಗ್ಸ್' ಒತ್ತಿದವರಿಗೆ ಅದೇ ಕಂಪನಿಯ ಎಡ್ಜ್ ಡಿಫಾಲ್ಟ್ ಆಗಿಬಿಡುತ್ತಿತ್ತು. ಇದನ್ನು ವಿರೋಧಿಸಿ, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾದ ಆಗಿನ ಮುಖ್ಯಸ್ಥ ಕ್ರಿಸ್ ಬಿಯರ್ಡ್, ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸತ್ಯ ನಾದೆಲ್ಲಾ ಅವರಿಗೆ ಬಹಿರಂಗ ಪತ್ರವನ್ನೇ ಬರೆದರು. 2021ರಲ್ಲಿ ವಿಂಡೋಸ್ 11 ಬಂದಾಗ ಡಿಫಾಲ್ಟ್ ಬ್ರೌಸರನ್ನು ಎಚ್‌ಟಿಎಂಎಲ್‌ಗೆ, ಅಂದರೆ ವೆಬ್ ಪುಟದ ಫೈಲ್‌ಗೆ, ಒಂದು ಸಲ, ಎಚ್‌ಟಿಟಿಪಿಗೆ, ಅಂದರೆ ವೆಬ್ ಲಿಂಕ್‌ಗೆ, ಒಂದು ಸಲ, ಹೀಗೆ ಒಂದೊಂದಕ್ಕೂ ಬೇರೆ ಬೇರೆಯಾಗಿ ಬದಲಿಸಬೇಕಿತ್ತು. ಸಾಮಾನ್ಯ ಜನಕ್ಕೆ ಇದು ಹೇಗೆ ಗೊತ್ತಾಗಬೇಕು? 2022ರಲ್ಲಿ ಕೊನೆಗೂ ಒಂದೇ ಬಟನ್ ಕೊಟ್ಟರು.

ಸಮಯ ಆಗುತ್ತಿದೆ, ಬೇಗ ಹೇಳಿಬಿಡುತ್ತೇನೆ. ಅಪ್‌ಡೇಟ್ ನಿಲ್ಲಿಸಬೇಡಿ, ಭದ್ರತೆಗೆ ಅದು ಬೇಕೇ ಬೇಕು. ಆದರೆ ಆದ ಮೇಲೆ ನೋಡಿ. ವಿಂಡೋಸ್ 11ರಲ್ಲಾದರೆ ಸೆಟ್ಟಿಂಗ್ಸ್ ತೆರೆಯಿರಿ. ಆ್ಯಪ್ಸ್, ಅದರೊಳಗೆ ಡಿಫಾಲ್ಟ್ ಆ್ಯಪ್ಸ್. ನಿಮ್ಮ ಬ್ರೌಸರ್ ಹೆಸರು ಒತ್ತಿ. ಮೇಲೆ 'ಸೆಟ್ ಡಿಫಾಲ್ಟ್' ಅಂತ ಇರುತ್ತದೆ, ಅದನ್ನೂ ಒತ್ತಿ. ಆಮೇಲೆ ಯಾವುದಾದರೂ ಲಿಂಕ್ ಒತ್ತಿ, ನಿಮ್ಮ ಬ್ರೌಸರೇ ತೆರೆಯುತ್ತದಾ ನೋಡಿಕೊಳ್ಳಿ. ನಮಸ್ಕಾರ.