ಹೊಳೆಯುವ ಹಂಡೆಗಿಂತ ಹಳೆಯ ಫ್ರಿಜ್ ಮೇಲು

ನಮಸ್ಕಾರ. ಅಮೆರಿಕದಲ್ಲಿ ನೆಲೆಸಿದ್ದು, ಡಬ್ಬಿಯ ಮಾಲ್ಟ್ (ಮೊಳಕೆ ಕಟ್ಟಿಸಿ ಒಣಗಿಸಿದ ಬಾರ್ಲಿ) ಸಾರವನ್ನು ಬಿಟ್ಟು ಇಡಿಯ ಕಾಳಿನಿಂದಲೇ ಮನೆಯಲ್ಲಿ ಬಿಯರ್ ತಯಾರಿಸಲು ಹೊರಟ ಕನ್ನಡಿಗರು ಮೊದಲು ಕೇಳುವ ಪ್ರಶ್ನೆ, ಯಾವ ಸ್ಟೀಲ್ ಹಂಡೆ ಕೊಳ್ಳಬೇಕು ಎಂಬುದು. ಆ ಪ್ರಶ್ನೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ಕೇಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಅಮೆರಿಕದಲ್ಲಿ ಎಂದು ಒತ್ತಿ ಹೇಳಲು ಕಾರಣವಿದೆ. ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಮಾಡಿದ ಕಾನೂನಿನಂತೆ, ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್‌ವರೆಗೆ ಸ್ವಂತ ಬಳಕೆಗೆ, ತೆರಿಗೆಯಿಲ್ಲದೆ ಬಿಯರ್ ತಯಾರಿಸಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಾದರೆ 1965ರ ಅಬಕಾರಿ ಕಾಯ್ದೆಯಡಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ.

ಮೊಳಕೆ ಕಟ್ಟಿದ ರಾಗಿಯ ಗಂಜಿ ಸಾಮಾನ್ಯ ರಾಗಿಗಂಜಿಗಿಂತ ತೆಳ್ಳಗಾಗುವುದನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದೇ ಅದಕ್ಕೆ ಕಾರಣ, ಬಾರ್ಲಿ ಮಾಲ್ಟಿನಲ್ಲಿ ನಡೆಯುವುದೂ ಅದೇ. ತರಿಯಾಗಿ ಒಡೆದ ಮಾಲ್ಟನ್ನು ಸುಮಾರು 66 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ನೆನೆಸಿಟ್ಟರೆ ಪಿಷ್ಟ ಸಕ್ಕರೆಯಾಗುತ್ತದೆ. ಈ ಕೆಲಸಕ್ಕೆ ಮೂರು ಹಂಡೆ, ಎರಡು ಪಂಪು, ಕಬ್ಬಿಣದ ಅಟ್ಟಣಿಗೆ ಬೇಕಿಲ್ಲ. ಒಂದು ದೊಡ್ಡ ಪಾತ್ರೆ, ಅದರೊಳಗೆ ಹಿಡಿಸುವ ಒಂದು ಬಲೆಚೀಲ, ನಂಬಬಹುದಾದ ಒಂದು ಥರ್ಮಾಮೀಟರ್ ಸಾಕು. ಆಸ್ಟ್ರೇಲಿಯಾದ ಹವ್ಯಾಸಿಗಳು ಬಳಕೆಗೆ ತಂದ, ಕಾಳನ್ನು ಚೀಲದಲ್ಲೇ ನೆನೆಸಿ ಎತ್ತಿ ಉಳಿದ ರಸವನ್ನು ಅದೇ ಪಾತ್ರೆಯಲ್ಲಿ ಕುದಿಸುವ ಈ ವಿಧಾನವನ್ನು ಬಡವರ ಉಪಾಯವೆಂದು ಮೂಗು ಮುರಿಯುವವರಿದ್ದಾರೆ, ಆದರೆ ಲೋಟದಲ್ಲಿರುವ ಬಿಯರನ್ನು ಕುಡಿದು ಅದು ಚೀಲದ್ದೋ ಹಂಡೆಯದ್ದೋ ಎಂದು ಹೇಳುವವರನ್ನು ನಾನಂತೂ ಕಂಡಿಲ್ಲ.

ಪಾತ್ರೆಯ ಅಳತೆಯಲ್ಲಿ ಮಾತ್ರ ಜಿಪುಣತನ ಸಲ್ಲದು. ಕೊನೆಗೆ 19 ಲೀಟರ್ ಬಿಯರ್ ಸಿಗಬೇಕಾದರೆ ಸುಮಾರು 5 ಕಿಲೋ ಮಾಲ್ಟ್ ಬೇಕು. ಚರಟ ಹೀರಿಕೊಳ್ಳುವ ನೀರು, ಒಂದು ಗಂಟೆಯ ಕುದಿಯಲ್ಲಿ ಆವಿಯಾಗುವ ಮೂರು ನಾಲ್ಕು ಲೀಟರ್, ತಳದಲ್ಲಿ ಉಳಿಯುವ ಮಡ್ಡಿ ಇವೆಲ್ಲವನ್ನೂ ಕೂಡಿಸಿದರೆ ಮೊದಲಿಗೇ ಹತ್ತಿರಹತ್ತಿರ 29 ಲೀಟರ್ ನೀರು ಹಾಕಬೇಕಾಗುತ್ತದೆ, ಅದರ ಮೇಲೆ ಕಾಳು ಸುರಿದಾಗ ಮಟ್ಟ 32 ಲೀಟರ್ ದಾಟುತ್ತದೆ. ಆದ್ದರಿಂದ 30 ಲೀಟರ್ ಪಾತ್ರೆ ಕೊಂಡವರು ಉಕ್ಕಿದ್ದನ್ನು ಒರೆಸುತ್ತಲೇ ಇರಬೇಕು. 38 ಲೀಟರಿನ, ಅಂದರೆ 10 ಗ್ಯಾಲನ್ ಪಾತ್ರೆಯೇ ಸರಿ. ನೀರನ್ನು 69 ಡಿಗ್ರಿಗೆ ಕಾಯಿಸಿ ಕಾಳು ಸುರಿದರೆ ಅದು 66ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ. ನೆಂದ ಚೀಲವನ್ನು ಎತ್ತಲು ಮೇಲೊಂದು ಕೊಕ್ಕೆ ಇದ್ದರೆ ಸೊಂಟ ಉಳಿಯುತ್ತದೆ. ಪ್ರೊಪೇನ್ ಒಲೆಯನ್ನು ಮಾತ್ರ ಮನೆಯೊಳಗೆ, ಗ್ಯಾರೇಜಿನೊಳಗೆ ಹೊತ್ತಿಸಲೇಬಾರದು, ಏಕೆಂದರೆ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಹೀಗೆ ಉಳಿಸಿದ ಹಣ ಎಲ್ಲಿಗೆ ಹೋಗಬೇಕು? ಹುದುಗುವ ಜಾಗಕ್ಕೆ. ಕುದಿಸಿ ತಣ್ಣಗಾಗಿಸಿದ ರಸಕ್ಕೆ ಯೀಸ್ಟ್ ಬೆರೆಸಿದ ಮೊದಲ ಮೂರು ದಿನಗಳಲ್ಲಿ ಆ ರಸ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕೋಣೆ 22 ಡಿಗ್ರಿ ಇದ್ದರೂ ಪೀಪಾಯಿಯೊಳಗೆ ನಾಲ್ಕೈದು ಡಿಗ್ರಿ ಹೆಚ್ಚಿರಬಹುದು. ಏಲ್ ಎಂಬ ಬಗೆಯ ಬಿಯರಿಗೆ ಬಳಸುವ ಬಹುತೇಕ ಯೀಸ್ಟಿಗೆ 18ರಿಂದ 20 ಡಿಗ್ರಿ ಹಿತ. ಅದಕ್ಕಿಂತ ಬಹಳ ಮೇಲೇರಿದರೆ ಗಂಟಲು ಸುಡುವ ಭಾರದ ಆಲ್ಕೋಹಾಲ್‌ಗಳು ಹುಟ್ಟುತ್ತವೆ, ಮತ್ತು ಅವನ್ನು ಆಮೇಲೆ ತೆಗೆಯುವ ಉಪಾಯವಿಲ್ಲ. ಯಾರೋ ಮಾರುತ್ತಿರುವ ಹಳೆಯ ಫ್ರಿಜ್ಜಿಗೆ ಒಂದು ತಾಪಮಾನ ನಿಯಂತ್ರಕವನ್ನು ಜೋಡಿಸಿ, ಅದರ ಸಂವೇದಕವನ್ನು ಗಾಳಿಯಲ್ಲಿ ತೂಗುಬಿಡದೆ ಪೀಪಾಯಿಯ ಮೈಗೇ ಅಂಟಿಸಿ ಮೇಲೆ ಸ್ಪಂಜು ಕಟ್ಟಿದರೆ ಈ ಸಮಸ್ಯೆ ಮುಗಿಯುತ್ತದೆ.

ಒಂದೇ ಬಾರಿಗೆ 40 ಲೀಟರ್ ತಯಾರಿಸುವವರ ಮಾತು ಬೇರೆ. ಅಷ್ಟು ಕಾಳಿನ ಒದ್ದೆ ಚೀಲವನ್ನು ಒಬ್ಬರೇ ಎತ್ತಲಾಗದು, ಅಂಥವರಿಗೆ ಮೂರು ಹಂಡೆಗಳ ಏರ್ಪಾಡು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಅವರಿಗೂ ಫ್ರಿಜ್ ಮೊದಲು ಬೇಕು, ಅದೂ ಎರಡು ಪೀಪಾಯಿ ಹಿಡಿಸುವಷ್ಟು ದೊಡ್ಡದು.