ಚಿಕ್ಕ ಕಾರಿಗೆ ಕಡಿಮೆ ಖರ್ಚಿನ ಟರ್ಬೋ: ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಲೇಬಾರದು

[ದೃಶ್ಯ: ಮೇಜಿನ ಮೇಲೆ ಹಳೆಯ ಟರ್ಬೋ. ಬೆರಳಿನಿಂದ ಅದರ ಶಾಫ್ಟ್ ತಿರುಗಿಸುತ್ತಾ ಮಾತು ಶುರು]

ನಮಸ್ಕಾರ. ಈ ಟರ್ಬೋ ಗುಜರಿ ಅಂಗಡಿಯಿಂದ ತಂದದ್ದು. ಒಂದು ಚಿಕ್ಕ ಪೆಟ್ರೋಲ್ ಕಾರಿನದು. ಇಡೀ ಕೆಲಸದಲ್ಲಿ ಕಡಿಮೆ ದುಡ್ಡು ಹೋಗಿದ್ದು ಇದಕ್ಕೇ. ಟರ್ಬೋ ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿಯಿತು ಅಂತ ಅನಿಸುತ್ತದೆ, ಅಲ್ವಾ? ನನಗೂ ಹಾಗೇ ಅನಿಸಿತ್ತು. ನಿಜವಾದ ಕೆಲಸ ಇರುವುದು ಇದರ ಸುತ್ತ.

ಮೊದಲು ಇದು ಮಾಡುವ ಕೆಲಸ ನೋಡೋಣ. ಎಂಜಿನ್‌ನಿಂದ ಹೊರಗೆ ಹೋಗುವ ಬಿಸಿ ಹೊಗೆ ಈ ಕಡೆಯ ಚಕ್ರವನ್ನು ತಿರುಗಿಸುತ್ತದೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಎಂಜಿನ್ ಒಳಗೆ ತುಂಬುತ್ತದೆ. ಸುಮ್ನೆ ಹೊರಗೆ ಹೋಗುತ್ತಿದ್ದ ಶಕ್ತಿಯಿಂದ ಕೆಲಸ ತೆಗೆಯುವ ಈ ಉಪಾಯಕ್ಕೆ ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಷಿ 1905ರಲ್ಲೇ ಪೇಟೆಂಟ್ ಪಡೆದಿದ್ದರು. ಈ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತು ಆರಾಮವಾಗಿ ದಾಟುತ್ತದೆ. ಚಿಕ್ಕ ಟರ್ಬೋಗಳು 2 ಲಕ್ಷವನ್ನೂ ದಾಟುತ್ತವೆ.

[ದೃಶ್ಯ: ಬಿಳಿ ಹಲಗೆ, ಲೆಕ್ಕ]

ನಮ್ಮ ಲೆಕ್ಕಕ್ಕೆ 1.2 ಲೀಟರ್, 4 ಸಿಲಿಂಡರ್, 80 ಹಾರ್ಸ್‌ಪವರ್ ಇರುವ ಎಂಜಿನ್ ಇಟ್ಟುಕೊಳ್ಳೋಣ. ಒಳಗಿನ ಭಾಗ ಒಂದನ್ನೂ ಬದಲಿಸುವುದಿಲ್ಲ. ಹಾಗಾದರೆ ಬೂಸ್ಟ್ (ಹೊರಗಿನ ಗಾಳಿಯ ಒತ್ತಡದ ಮೇಲೆ ಟರ್ಬೋ ಸೇರಿಸುವ ಒತ್ತಡ) 0.4 ಬಾರ್, ಅಂದರೆ ಸುಮಾರು 6 ಪಿಎಸ್‌ಐ. ಅಲ್ಲಿಗೇ ನಿಲ್ಲಿಸಿ. ಕಾಗದದ ಮೇಲೆ ಗಾಳಿ 1.4 ಪಟ್ಟು ಆಗಿ 112 ಹಾರ್ಸ್‌ಪವರ್ ಕಾಣುತ್ತದೆ. ಗಾಳಿ ಬಿಸಿಯಾಗುವುದು, ಇಗ್ನಿಷನ್ ಟೈಮಿಂಗ್, ಅಂದರೆ ಸ್ಪಾರ್ಕ್ ಹಚ್ಚುವ ಹೊತ್ತು, ಸ್ವಲ್ಪ ತಡ ಮಾಡಬೇಕಾಗುವುದು, ಎಲ್ಲಾ ಕಳೆದರೆ 100ರ ಆಸುಪಾಸು. ಕಡಿಮೆ ಅನಿಸಬಹುದು. ಆದರೆ ಚಿಕ್ಕ ಗಾಡಿಗೆ ಈ 20 ಹಾರ್ಸ್‌ಪವರ್ ಮತ್ತು ಮಧ್ಯದ ಆರ್‌ಪಿಎಂನಲ್ಲಿ ಬರುವ ಎಳೆತ ದೊಡ್ಡ ವ್ಯತ್ಯಾಸ. ಏರು ರಸ್ತೆಯಲ್ಲಿ ಗೇರ್ ಇಳಿಸದೆ ಹತ್ತಿದಾಗ ನಿಮಗೇ ಗೊತ್ತಾಗುತ್ತದೆ.

ಯಾಕೆ 0.4ಕ್ಕೆ ನಿಲ್ಲಿಸಬೇಕು? ಇದಕ್ಕೆ ಒಂದು ಹಳೆಯ ಕಾರಿನ ಕಥೆ ಹೇಳುತ್ತೇನೆ. 1962ರಲ್ಲಿ ಅಮೆರಿಕದಲ್ಲಿ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಬಂತು. ಕಾರ್ಖಾನೆಯಿಂದಲೇ ಟರ್ಬೋ ಹಾಕಿಸಿಕೊಂಡು ಬಂದ ಮೊದಲ ಕಾರುಗಳಲ್ಲಿ ಅದೂ ಒಂದು. ಅದರ ಕಂಪ್ರೆಷನ್ ಅನುಪಾತ 10.25, ಅಂದರೆ ಪಿಸ್ಟನ್ ಮಿಶ್ರಣವನ್ನು 10.25 ಪಟ್ಟು ಚಿಕ್ಕ ಜಾಗಕ್ಕೆ ಒತ್ತುತ್ತಿತ್ತು. ಟರ್ಬೋ ಜೊತೆ ಅಷ್ಟು ಕಂಪ್ರೆಷನ್ ಇದ್ದರೆ ಎಂಜಿನ್ ನಾಕ್ ಆಗುತ್ತದೆ (ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ, ಅದನ್ನು ಮುಂದೆ ನೋಡೋಣ) ಅಂತ ಅವರಿಗೆ ಗೊತ್ತಿತ್ತು. ಹಾಗಾಗಿ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಪ್ರತ್ಯೇಕ ಟ್ಯಾಂಕ್ ಕೊಟ್ಟರು. ಬೂಸ್ಟ್ ಬಂದಾಗ ಆ ದ್ರವ ಒಳಗೆ ಸಿಂಪಡಿಸಿ ಸಿಲಿಂಡರನ್ನು ತಂಪು ಮಾಡುತ್ತಿತ್ತು. ಆದರೆ ಟ್ಯಾಂಕ್ ತುಂಬಿಸಲು ಎಷ್ಟೋ ಮಾಲೀಕರು ಮರೆತರು. ದ್ರವ ಖಾಲಿಯಾದರೆ ಬೂಸ್ಟ್ ತಾನೇ ಕಡಿಮೆಯಾಗುವ ವ್ಯವಸ್ಥೆ ಇತ್ತು. ಗಾಡಿ ಎಳೆಯುತ್ತಿಲ್ಲ ಅಂತ ದೂರುಗಳು ಬಂದವು. 1963ರ ನಂತರ ಆ ಮಾದರಿಯೇ ನಿಂತುಹೋಯಿತು.

ನಮ್ಮ ಚಿಕ್ಕ ಎಂಜಿನ್‌ಗಳ ಕಂಪ್ರೆಷನ್ ಕೂಡ 10ರಿಂದ 11. ಅದೇ ಸಮಸ್ಯೆ ನಮ್ಮ ಮುಂದೆಯೂ ಇದೆ. ಹೊಸ ಟರ್ಬೋ ಕಾರುಗಳಲ್ಲೂ ಅಷ್ಟೇ ಕಂಪ್ರೆಷನ್ ಇದೆಯಲ್ಲ ಅಂತ ನೀವು ಕೇಳಬಹುದು. ಅವುಗಳಲ್ಲಿ ಬಹುಪಾಲು ಪೆಟ್ರೋಲನ್ನು ನೇರವಾಗಿ ಸಿಲಿಂಡರ್ ಒಳಗೇ ಸಿಂಪಡಿಸುತ್ತವೆ. ಪೆಟ್ರೋಲ್ ಅಲ್ಲೇ ಆವಿಯಾಗಿ ಒಳಗಿನ ಬಿಸಿ ಎಳೆದುಕೊಳ್ಳುತ್ತದೆ. ಪೆಟ್ರೋಲನ್ನು ಸಿಲಿಂಡರ್ ಹೊರಗೇ ಸಿಂಪಡಿಸುವ ಹಳೆಯ ರೀತಿಯ ಇಂಜೆಕ್ಷನ್‌ಗೆ ಆ ಅನುಕೂಲ ಅಷ್ಟಾಗಿ ಇಲ್ಲ.

ನಾಕ್ ಅಂದರೆ, ಸ್ಪಾರ್ಕ್ ಹಚ್ಚಿದ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿರುವ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವುದು. ಆ ಹೊಡೆತ ಪಿಸ್ಟನ್ ಮೇಲೆ ಸುತ್ತಿಗೆಯ ಏಟಿನ ಹಾಗೆ ಬೀಳುತ್ತದೆ. ಮೊದಲು ಒಡೆಯುವುದು ಸಾಮಾನ್ಯವಾಗಿ ಪಿಸ್ಟನ್ ರಿಂಗ್‌ಗಳ ನಡುವಿನ ತೆಳು ಅಂಚು. ಇನ್ನೊಂದು ಅಪಾಯವೂ ಇದೆ. ಬಿಸಿ ಜಾಸ್ತಿಯಾದರೆ ರಿಂಗ್ ಹಿಗ್ಗಿ ಅದರ ಎರಡು ತುದಿಗಳು ಒಂದಕ್ಕೊಂದು ತಾಗುತ್ತವೆ. ಮೂಲ ಎಂಜಿನ್‌ನಲ್ಲಿ ಆ ಸಂದು ಬೂಸ್ಟ್ ಇಲ್ಲದ ಬಿಸಿಗೆ ಲೆಕ್ಕ ಹಾಕಿ ಬಿಟ್ಟಿರುವುದು.

[ದೃಶ್ಯ: ಇಂಜೆಕ್ಟರ್ ಹತ್ತಿರದಿಂದ]

ದಯವಿಟ್ಟು ದುಡ್ಡು ಉಳಿಸಬೇಡಿ ಅಂತ ನಾನು ಹೇಳುವ ಮೊದಲ ಜಾಗ ಪೆಟ್ರೋಲ್ ಮತ್ತು ಟ್ಯೂನಿಂಗ್. ಗಾಳಿ ಜಾಸ್ತಿ ತುಂಬಿ ಪೆಟ್ರೋಲ್ ಅಷ್ಟೇ ಕೊಟ್ಟರೆ ಎಂಜಿನ್ ಬಹಳ ದಿನ ಉಳಿಯುವುದಿಲ್ಲ. ಸಾಮಾನ್ಯ ಓಟದಲ್ಲಿ 14.7 ಭಾಗ ಗಾಳಿಗೆ 1 ಭಾಗ ಪೆಟ್ರೋಲ್. ಬೂಸ್ಟ್‌ನಲ್ಲಿ ಅದು 11.5ರಿಂದ 12ಕ್ಕೆ ಇಳಿಯಬೇಕು. ನಮ್ಮ 100 ಹಾರ್ಸ್‌ಪವರ್‌ಗೆ ಲೆಕ್ಕ ಹಾಕಿದರೆ ಪೆಟ್ರೋಲ್ ಸಿಂಪಡಿಸುವ ಪ್ರತಿ ಇಂಜೆಕ್ಟರ್‌ನ ಪೂರ್ತಿ ಸಾಮರ್ಥ್ಯ ನಿಮಿಷಕ್ಕೆ ಸುಮಾರು 190 ಸಿಸಿ ಇರಬೇಕು. ಬಳಸುವುದು ಮಾತ್ರ ಅದರ 80 ಶೇಕಡಾ ಒಳಗೆ. 80 ಹಾರ್ಸ್‌ಪವರ್ ಎಂಜಿನ್‌ನ ಮೂಲ ಇಂಜೆಕ್ಟರ್‌ಗಳಿಗೆ ಇದು ಕಷ್ಟ. ಬೇರೆ ದೊಡ್ಡ ಎಂಜಿನ್‌ನ ಸೆಕೆಂಡ್ ಹ್ಯಾಂಡ್ ಇಂಜೆಕ್ಟರ್ ತಂದು, ಸ್ವಚ್ಛ ಮಾಡಿಸಿ, ಹರಿವು ಅಳತೆ ಮಾಡಿಸಿ ಹಾಕಿ. ಇಲ್ಲಿ ಹಳೆಯ ಮಾಲು ಪರವಾಗಿಲ್ಲ, ಅಳತೆ ಮಾಡದ ಮಾಲು ಬೇಡ.

ಎಂಜಿನ್ ನಡೆಸುವ ಮೂಲ ಕಂಪ್ಯೂಟರ್‌ಗೆ, ಅಂದರೆ ಇಸಿಯುಗೆ, ಬೂಸ್ಟ್ ಕಾಣುವುದೇ ಇಲ್ಲ. ಅದರ ಒತ್ತಡದ ಸೆನ್ಸರ್ ಹೊರಗಿನ ಗಾಳಿಯ ಮಟ್ಟದವರೆಗೆ ಅಳೆಯುತ್ತದೆ, ಆಮೇಲೆ ಕುರುಡು. ಹೊರಗಿನ ಗಾಳಿಯ 1 ಬಾರ್ ಕೂಡ ಸೇರಿ 2 ಬಾರ್‌ವರೆಗಾದರೂ ಅಳೆಯುವ ಸೆನ್ಸರ್ ಬೇಕು, ಅದನ್ನು ಓದುವ ಇಸಿಯು ಬೇಕು. ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಅಭ್ಯಾಸ ಇದ್ದವರಿಗೆ ಸ್ಪೀಡುಯಿನೋ ಅಥವಾ ಮೆಗಾಸ್ಕ್ವರ್ಟ್ ಎಂಬ ಇಸಿಯು ಇದೆ. ಎರಡನ್ನೂ ನೀವೇ ಜೋಡಿಸಿಕೊಳ್ಳಬಹುದು. ಜೊತೆಗೆ ಗಾಳಿ ಮತ್ತು ಪೆಟ್ರೋಲ್ ಅನುಪಾತ ತೋರಿಸುವ ಒಂದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಮೀಟರ್. ಇದಿಲ್ಲದೆ ಬೂಸ್ಟ್‌ನಲ್ಲಿ ಓಡಿಸಲೇಬೇಡಿ.

ಟರ್ಬೋ ಆಯ್ಕೆಗೆ ಒಂದೇ ಮಾತು. ಎಂಜಿನ್‌ನ ಸಿಸಿ ನೋಡುವುದಕ್ಕಿಂತ, ಆ ಟರ್ಬೋ ಮೂಲ ಕಾರಿನಲ್ಲಿ ಎಷ್ಟು ಹಾರ್ಸ್‌ಪವರ್ ಕೊಡುತ್ತಿತ್ತು ಅಂತ ನೋಡಿ. ನಿಮ್ಮ ಗುರಿಗೆ ಅದು ಹತ್ತಿರ ಇರಲಿ. ಜಪಾನಿನಲ್ಲಿ ಕೇ ಅಂತ ಕರೆಯುವ 660 ಸಿಸಿ ಪುಟ್ಟ ಕಾರುಗಳ ಶಕ್ತಿ 64 ಹಾರ್ಸ್‌ಪವರ್ ಮೀರುವುದಿಲ್ಲ. ಆ ಟರ್ಬೋ ನಮ್ಮ 1.2ಕ್ಕೆ ಬೇಗ ಎದ್ದರೂ ಮೇಲಿನ ಆರ್‌ಪಿಎಂನಲ್ಲಿ ಉಸಿರು ಕಟ್ಟುತ್ತದೆ. ವೇಸ್ಟ್‌ಗೇಟ್ (ಜಾಸ್ತಿಯಾದ ಹೊಗೆಯನ್ನು ಚಕ್ರಕ್ಕೆ ತಾಗದಂತೆ ಪಕ್ಕಕ್ಕೆ ಬಿಡುವ ಬಾಗಿಲು) ಒಳಗೇ ಇರುವುದನ್ನು ತೆಗೆದುಕೊಳ್ಳಿ. ಅದರ ಸ್ಪ್ರಿಂಗ್ ಎಷ್ಟು ಬಿಗಿಯೋ ಅದೇ ನಿಮ್ಮ ಕನಿಷ್ಠ ಬೂಸ್ಟ್. ಅದು 0.4 ಆಗಿದ್ದರೆ ಬೂಸ್ಟ್ ಕಂಟ್ರೋಲರ್ ಖರ್ಚು ಉಳಿಯಿತು.

ಇನ್ನು 12 ವೋಲ್ಟ್‌ಗೆ ಸಿಕ್ಕಿಸುವ ಪುಟ್ಟ ಫ್ಯಾನನ್ನು ಎಲೆಕ್ಟ್ರಿಕ್ ಟರ್ಬೋ ಅಂತ ಮಾರುತ್ತಾರೆ. ಈ ಎಂಜಿನ್‌ಗೆ 6,000 ಆರ್‌ಪಿಎಂನಲ್ಲಿ ಬೂಸ್ಟ್ ಕೊಡಲು ಕೆಲವು ಕಿಲೋವ್ಯಾಟ್ ಬೇಕು. 12 ವೋಲ್ಟ್‌ನಲ್ಲಿ ಅಂದರೆ ನೂರಾರು ಆಂಪಿಯರ್. ಫ್ಯಾನಿನ ತೆಳು ವೈರ್ ನೋಡಿದರೆ ಸಾಕು, ಅದರ ಕೈಲಿ ಆಗದು ಅಂತ ತಿಳಿಯುತ್ತದೆ.

[ದೃಶ್ಯ: ಟರ್ಬೋ ಕೆಳಗಿನ ಆಯಿಲ್ ವಾಪಸ್ ಪೈಪ್]

ಎರಡನೇ ಜಾಗ ಆಯಿಲ್. ಇಲ್ಲಿ ನಾನೇ ತಪ್ಪು ಮಾಡಿದ್ದೇನೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗ ಐದೇ ನಿಮಿಷಕ್ಕೆ ಸೈಲೆನ್ಸರ್‌ನಿಂದ ನೀಲಿ ಹೊಗೆ. ಟರ್ಬೋ ಹಾಳು ಅಂತ ಬಿಚ್ಚಿ ನೋಡಿದರೆ ಅದರಲ್ಲಿ ಏನೂ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ವಾಪಸ್ ಪೈಪಿನಲ್ಲಿ. ಅದು ಮಧ್ಯದಲ್ಲಿ ಜೋತುಬಿದ್ದಿತ್ತು. ಟರ್ಬೋಗೆ ಆಯಿಲ್ ಒತ್ತಡದಿಂದ ಬರುತ್ತದೆ, ಹೊರಗೆ ಹೋಗುವುದು ಮಾತ್ರ ತನ್ನ ಭಾರಕ್ಕೆ, ಅದೂ ನೊರೆನೊರೆಯಾಗಿ. ಹಾಗಾಗಿ ವಾಪಸ್ ಪೈಪ್ ದಪ್ಪ ಇರಬೇಕು, ಉದ್ದಕ್ಕೂ ಇಳಿಜಾರಾಗಿರಬೇಕು, ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ಸೇರಬೇಕು. ಪೈಪ್ ಸರಿಮಾಡಿದ ಮೇಲೆ ಹೊಗೆ ನಿಂತಿತು. ಅದೇ ಟರ್ಬೋ ಇವತ್ತಿಗೂ ಓಡುತ್ತಿದೆ.

ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್‌ನಲ್ಲಿ ಧಾರಾಳವಾಗಿ ಉಳಿಸಿ. 30 ಡಿಗ್ರಿ ಗಾಳಿ 0.4 ಬಾರ್ ಬೂಸ್ಟ್‌ಗೆ ಹೆಚ್ಚುಕಡಿಮೆ 75 ಡಿಗ್ರಿ ಆಗುತ್ತದೆ, ಹಾಗಾಗಿ ಅದು ಬೇಕೇ ಬೇಕು. ಆದರೆ ಹಳೆಯದು ತಂದು ತೊಳೆದು, ನೀರಿನಲ್ಲಿ ಮುಳುಗಿಸಿ ಗಾಳಿ ಸೋರುತ್ತಿದೆಯಾ ನೋಡಿ ಹಾಕಿದರೆ ಸಾಕು. ಸ್ಪಾರ್ಕ್ ಪ್ಲಗ್ ಒಂದು ಹಂತ ತಂಪಿನದು (ಬಿಸಿಯನ್ನು ಬೇಗ ಹೊರಹಾಕುವಂಥದ್ದು) ಹಾಕಿ, ಗ್ಯಾಪ್ 0.7 ಮಿಲಿಮೀಟರ್ ಹತ್ತಿರ ತನ್ನಿ. ಎಂಜಿನ್ ಕೆಳಭಾಗದ (ಕ್ರ್ಯಾಂಕ್‌ಕೇಸ್‌ನ) ಆವಿಯನ್ನು ಮತ್ತೆ ಎಂಜಿನ್‌ಗೆ ಒಯ್ಯುವ ಪಿಸಿವಿ ಹೋಸ್‌ಗೆ ಬೂಸ್ಟ್ ತಡೆಯುವ ಒಂದು ಚೆಕ್ ವಾಲ್ವ್ ಹಾಕಿ, ಇಲ್ಲದಿದ್ದರೆ ಒತ್ತಡ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಆಯಿಲ್ ಸೀಲ್ ಹೊರಗೆ ತಳ್ಳುತ್ತದೆ. ನಿಮ್ಮ ಕಡೆಯ ಹೊಗೆ ತಪಾಸಣೆ ಮತ್ತು ವಿಮೆಯ ನಿಯಮ ಮೊದಲೇ ವಿಚಾರಿಸಿಕೊಳ್ಳಿ.

ಇದನ್ನೆಲ್ಲಾ ಕೊಳ್ಳುವ ಮುಂಚೆ, ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಅಂತ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಸಿಲಿಂಡರ್ ಉಳಿದವುಗಳಿಗಿಂತ ತುಂಬಾ ಕಡಿಮೆ ತೋರಿಸಿದರೆ ಆ ಎಂಜಿನ್‌ಗೆ ಟರ್ಬೋ ಬೇಡ. ಮೊದಲು ಅದನ್ನು ರಿಪೇರಿ ಮಾಡಿಸಿ.

[ದೃಶ್ಯ: ಡ್ಯಾಶ್‌ಬೋರ್ಡ್, ವೈಡ್‌ಬ್ಯಾಂಡ್ ಮೀಟರ್]

ಮೊದಲ ಓಟಕ್ಕೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಳ್ಳಿ. ನೀವು ರಸ್ತೆ ನೋಡಿ, ಅವರು ಮೀಟರ್ ನೋಡಲಿ. ಬೂಸ್ಟ್‌ನಲ್ಲಿ ಸಂಖ್ಯೆ 12.5 ದಾಟಿದ ತಕ್ಷಣ ಅವರು ಕೂಗಬೇಕು, ನೀವು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಬೇಕು. ಮನೆಗೆ ಬಂದ ಮೇಲೆ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡಿ, ಬಾನೆಟ್ ಎತ್ತಿ, ಟಾರ್ಚ್ ಹಿಡಿದು ಪ್ರತಿ ಜಾಯಿಂಟ್ ನೋಡಿ. ಮುಂದಿನ ವಿಡಿಯೋದಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ವೆಲ್ಡಿಂಗ್ ತೋರಿಸುತ್ತೇನೆ.