ಫೈಲಿನ ಅನುಮತಿಯನ್ನು ಮುಟ್ಟಬೇಡಿ

ಶ್ರೋತೃಗಳಿಗೆ ನಮಸ್ಕಾರ.

ಕಾಲೇಜುಗಳ ಕಂಪ್ಯೂಟರ್ ಲ್ಯಾಬನ್ನು ನೋಡಿಕೊಳ್ಳುವವರು, ಸಣ್ಣ ಕಚೇರಿಗಳಲ್ಲಿ ಕಂಪ್ಯೂಟರ್ ಹಟ ಹಿಡಿದಾಗ ಎಲ್ಲರೂ ಮೊದಲು ಕೂಗಿ ಕರೆಯುವ ಹುಡುಗರು, ಹಳೆಯ ಲ್ಯಾಪ್‌ಟಾಪಿಗೆ ಉಬುಂಟು ಎಂಬ ಲಿನಕ್ಸ್ ಹಾಕಿಕೊಂಡು ಮನೆಯಲ್ಲೇ ಕಲಿಯುತ್ತಿರುವ ವಿದ್ಯಾರ್ಥಿಗಳು, ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾತುಗಳನ್ನು ಸಿದ್ಧಪಡಿಸಿದ್ದೇನೆ. ನಿಮಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ತೊಡಕು ಇದು. ಸಿಸ್ಟಮ್ಮಿಗೆ ಸೇರಿದ ಯಾವುದೋ ಫೈಲನ್ನು ತೆರೆಯುತ್ತೀರಿ. ಅದು ಸಲೀಸಾಗಿ ತೆರೆದುಕೊಳ್ಳುತ್ತದೆ, ಒಳಗಿರುವುದೆಲ್ಲ ಕಾಣುತ್ತದೆ, ಬೇಕಾದ ಸಾಲನ್ನು ಸೇರಿಸಿ ಸೇವ್ ಒತ್ತುತ್ತೀರಿ. ಆಗ ‘ಪರ್ಮಿಷನ್ ಡಿನೈಡ್’ ಎಂದು ಪರದೆಯ ಮೇಲೆ ಮೂಡುತ್ತದೆ. ವಿಂಡೋಸ್ ಆದರೆ ‘ಆಕ್ಸೆಸ್ ಡಿನೈಡ್’ ಎನ್ನುತ್ತದೆ.

ಇದನ್ನು ಕಂಪ್ಯೂಟರಿನ ದೋಷವೆಂದು ತಿಳಿಯುವವರೇ ಹೆಚ್ಚು. ಇದು ದೋಷವಲ್ಲ. ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. ಇಂದು ನಾನು ಹೇಳಬೇಕೆಂದಿರುವುದು ಒಂದೇ ಮಾತು, ಅದನ್ನು ಮತ್ತೆ ಮತ್ತೆ ಹೇಳುತ್ತೇನೆ: ಫೈಲಿನ ಅನುಮತಿಯನ್ನು ಬದಲಿಸಬೇಡಿ, ಆ ಒಂದು ಕೆಲಸದ ಮಟ್ಟಿಗೆ ನೀವು ಅಧಿಕಾರ ಪಡೆದುಕೊಳ್ಳಿ, ಕೆಲಸ ಮುಗಿದ ಮೇಲೆ ಆ ಅಧಿಕಾರವನ್ನು ಬಿಟ್ಟುಬಿಡಿ.

ಪಹಣಿಯನ್ನು ನೆನಪಿಸಿಕೊಳ್ಳಿ. ಒಂದು ಜಮೀನಿನ ಪಹಣಿಯನ್ನು ಯಾರು ಬೇಕಾದರೂ ತೆಗೆಸಿ ಓದಬಹುದು. ಆದರೆ ಅದರಲ್ಲಿರುವ ಹೆಸರು ಬದಲಾಗಬೇಕಾದರೆ ಮ್ಯುಟೇಶನ್ ಆಗಬೇಕು, ಅದಕ್ಕೆ ಅಧಿಕಾರವುಳ್ಳವರ ಆದೇಶ ಬೇಕು. ಹೆಸರು ತಿದ್ದಲು ತನಗೆ ಬರಲಿಲ್ಲವೆಂದು, ಊರಿನವರೆಲ್ಲರ ಪಹಣಿಯನ್ನೂ ಯಾರು ಬೇಕಾದರೂ ತಿದ್ದುವಂತೆ ಮಾಡಿಬಿಡಿ ಎಂದು ಯಾವ ರೈತನೂ ಕೇಳುವುದಿಲ್ಲ. ಕಂಪ್ಯೂಟರಿನ ವಿಷಯದಲ್ಲಿ ಮಾತ್ರ ನಾವು ಅದನ್ನೇ ಕೇಳುತ್ತಿದ್ದೇವೆ, ಕೇಳುವುದಷ್ಟೇ ಅಲ್ಲ, ಮಾಡಿಯೂ ಬಿಡುತ್ತಿದ್ದೇವೆ.

ಲಿನಕ್ಸ್‌ನಲ್ಲಿ ಇದರ ಏರ್ಪಾಡು ಬಹಳ ಸರಳ. 1970ರ ಆಸುಪಾಸಿನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಕಟ್ಟಿದ ಯೂನಿಕ್ಸ್‌ನಿಂದ ಬಂದ ಪದ್ಧತಿ ಇದು. ಪ್ರತಿಯೊಂದು ಫೈಲಿಗೂ ಒಬ್ಬ ಒಡೆಯ, ಒಂದು ಗುಂಪು, ಉಳಿದ ಎಲ್ಲರು ಎಂದು ಮೂರು ಪಾಲು. ಪ್ರತಿ ಪಾಲಿಗೂ ಓದುವುದು, ಬರೆಯುವುದು, ಚಲಾಯಿಸುವುದು ಎಂಬ ಮೂರು ಹಕ್ಕು. ಓದಲು 4, ಬರೆಯಲು 2, ಚಲಾಯಿಸಲು 1 ಎಂದು ಲೆಕ್ಕ ಹಿಡಿದು ಕೂಡಿದರೆ ಒಂದೊಂದು ಪಾಲಿಗೆ ಒಂದೊಂದು ಅಂಕೆ ಸಿಗುತ್ತದೆ. ಸಿಸ್ಟಮ್ಮಿನ ಸೆಟ್ಟಿಂಗುಗಳಿರುವ ಇಟಿಸಿ ಎಂಬ ಫೋಲ್ಡರಿನಲ್ಲಿರುವ ಹೋಸ್ಟ್ಸ್ ಫೈಲಿನ ಸಂಖ್ಯೆ 644. ಅಂದರೆ ಒಡೆಯನಾದ ರೂಟ್, ಎಂದರೆ ಪೂರ್ಣ ಆಡಳಿತಾಧಿಕಾರವಿರುವ ಖಾತೆ, ಓದಿ ಬರೆಯಬಹುದು, ಉಳಿದವರು ಓದಬಹುದು ಅಷ್ಟೇ. ನಿಮಗೆ ಫೈಲ್ ಕಂಡಿತು, ಆದರೆ ಸೇವ್ ಆಗಲಿಲ್ಲ ಎಂಬುದರ ಕಾರಣ ಈ ಮೂರು ಅಂಕೆಗಳಲ್ಲೇ ಇದೆ. ಇನ್ನು 777 ಎಂದರೆ ಎಲ್ಲರಿಗೂ ಎಲ್ಲ ಹಕ್ಕು.

ಬರೆಯುವ ಹಕ್ಕನ್ನು ಏಕೆ ಇಷ್ಟು ಬಿಗಿಯಾಗಿ ಇಟ್ಟಿದ್ದಾರೆ? ನೀವು ಓಡಿಸುವ ಪ್ರೋಗ್ರಾಮುಗಳು ಸಾಮಾನ್ಯವಾಗಿ ನಿಮ್ಮ ಹೆಸರಿನಲ್ಲೇ, ನಿಮ್ಮ ಹಕ್ಕಿನಿಂದಲೇ ಕೆಲಸ ಮಾಡುತ್ತವೆ. ಯಾವ ಹೆಸರು ಯಾವ ವಿಳಾಸಕ್ಕೆ ಹೋಗಬೇಕೆಂದು ಹೇಳುವ ಫೈಲು ಹೋಸ್ಟ್ಸ್. ಅದರಲ್ಲಿ ನಿಮಗೆ ಬರೆಯಲು ಬಂದರೆ, ನಿಮಗೆ ಅರಿವಿಲ್ಲದೆ ಒಳಬಂದ ಕೆಟ್ಟ ಪ್ರೋಗ್ರಾಮಿಗೂ ಬರೆಯಲು ಬರುತ್ತದೆ; ಅದು ನಿಮ್ಮ ಬ್ಯಾಂಕಿನ ಹೆಸರಿನ ಎದುರು ಬೇರೆ ವಿಳಾಸವನ್ನು ಬರೆದಿಟ್ಟರೆ ನಿಮಗೆ ಗೊತ್ತೇ ಆಗುವುದಿಲ್ಲ. ಆದ್ದರಿಂದ ಫೈಲಿನ ಅನುಮತಿಯನ್ನು ಮುಟ್ಟಬೇಡಿ.

ಮುಟ್ಟಿದರೆ ಏನಾಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡ ಒಂದು ಸಂಗತಿಯಿಂದ ಹೇಳುತ್ತೇನೆ. ಮಲೆನಾಡಿನ ಒಂದು ಕಾಲೇಜಿನಲ್ಲಿ ಉಪನ್ಯಾಸಕಿಯೊಬ್ಬರು ಪಾಠದ ಜೊತೆಗೆ ಕಂಪ್ಯೂಟರ್ ಲ್ಯಾಬನ್ನೂ ಬಹಳ ಶ್ರದ್ಧೆಯಿಂದ ನೋಡಿಕೊಳ್ಳುತ್ತಿದ್ದರು. ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ಆವೃತ್ತಿಯ ಉಬುಂಟು ಇತ್ತು. ಮೂಲೆಯಲ್ಲಿದ್ದ ಒಂದು ಕಂಪ್ಯೂಟರಿನಲ್ಲಿ ವಿದ್ಯಾರ್ಥಿಗಳ ಪ್ರಯೋಗಗಳನ್ನೆಲ್ಲ ಇಟ್ಟಿದ್ದರು. ಪ್ರತಿ ಸಲವೂ ಅದರ ವಿಳಾಸದ ಅಂಕೆಗಳನ್ನು ಟೈಪ್ ಮಾಡುವುದರ ಬದಲು ‘ಲ್ಯಾಬ್’ ಎಂದು ಹೊಡೆದರೆ ಸಾಕಾಗುವಂತೆ ಮಾಡಬೇಕೆಂಬುದು ಅವರ ಆಸೆ. ಅದಕ್ಕೆ ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿದರೆ ಆಯಿತು. ಸೇರಿಸಿದರು, ಸೇವ್ ಒತ್ತಿದರು, ಪರ್ಮಿಷನ್ ಡಿನೈಡ್ ಬಂತು. ಪಕ್ಕದಲ್ಲಿದ್ದ ಚುರುಕಿನ ವಿದ್ಯಾರ್ಥಿಯೊಬ್ಬ, “ಮೇಡಂ, ಇದಕ್ಕೆ ಒಂದೇ ಕಮಾಂಡ್ ಸಾಕು” ಎಂದು ಎಲ್ಲೋ ಓದಿದ್ದ ಸಲಹೆಯನ್ನು ಟೈಪ್ ಮಾಡಿಕೊಟ್ಟ. ಸುಡೊ, ಸಿಎಚ್‌ಮಾಡ್, ಅಡ್ಡಗೆರೆ, ದೊಡ್ಡ ಆರ್, 777, ಇಟಿಸಿ. ಸುಡೊ ಎಂದರೆ ಆಡಳಿತಾಧಿಕಾರದಿಂದ ನಡೆಸು, ಸಿಎಚ್‌ಮಾಡ್ ಎಂದರೆ ಅನುಮತಿಯನ್ನು ಬದಲಿಸು, ಆ ದೊಡ್ಡ ಆರ್ ಅಕ್ಷರಕ್ಕೆ ‘ಒಳಗಿರುವ ಎಲ್ಲದಕ್ಕೂ’ ಎಂದರ್ಥ. ಒಂದು ಫೈಲಿನಲ್ಲಿ ಒಂದು ಸಾಲು ಬರೆಯಬೇಕಾಗಿತ್ತು. ಇಡೀ ಇಟಿಸಿ ಫೋಲ್ಡರು ಎಲ್ಲರಿಗೂ ಬಿಚ್ಚಿಕೊಂಡಿತು.

ಹೋಸ್ಟ್ಸ್ ಫೈಲೇನೋ ಸೇವ್ ಆಯಿತು. ಕೆಲಸವಾಯಿತೆಂದು ಕಂಪ್ಯೂಟರನ್ನು ಆರಿಸಿ ಹೋದರು. ಮರುದಿನ ಬೆಳಿಗ್ಗೆ ನನಗೆ ಫೋನ್ ಬಂತು: “ಸಾರ್, ಸುಡೊನೇ ಕೆಲಸ ಮಾಡ್ತಾ ಇಲ್ಲ, ಪಾಸ್‌ವರ್ಡ್ ಕೂಡ ಕೇಳ್ತಾ ಇಲ್ಲ.” ಕೇಳುವುದೂ ಇಲ್ಲ. ಯಾರ್ಯಾರಿಗೆ ಆಡಳಿತಾಧಿಕಾರ ಕೊಡಬಹುದೆಂದು ಬರೆದಿಟ್ಟಿರುವ ಸುಡೋಯರ್ಸ್ ಎಂಬ ಫೈಲು ಇಟಿಸಿಯ ಒಳಗೇ ಇದೆ. ಅದರ ಸಂಖ್ಯೆ 440, ಅಂದರೆ ಬರೆಯುವ ಹಕ್ಕು ಕಾಗದದ ಮೇಲೆ ಒಡೆಯನಿಗೂ ಇಲ್ಲ. ಅದರಲ್ಲಿ ಯಾರು ಬೇಕಾದರೂ ಬರೆಯಬಹುದಾದ ಸ್ಥಿತಿ ಇದ್ದರೆ ಅದರ ಮಾತನ್ನು ನಂಬುವುದಿಲ್ಲವೆಂದು ಸುಡೊ ಹಿಂದೆ ಸರಿಯುತ್ತದೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಕೂಡ ಅದೇ ಕಾರಣಕ್ಕೆ ನಿಂತುಹೋಗಿತ್ತು. ತನ್ನ ಗುಟ್ಟಿನ ಕೀಲಿಯನ್ನು ಎಲ್ಲರೂ ಓದಬಹುದಾಗಿದ್ದರೆ ಆ ಕೀಲಿಯನ್ನು ಅದು ಬಳಸುವುದಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ಎಲ್ಲರ ಪಾಸ್‌ವರ್ಡುಗಳ ಗೂಢರೂಪವಿರುವ ಶ್ಯಾಡೊ ಎಂಬ ಫೈಲನ್ನು ಲ್ಯಾಬಿನಲ್ಲಿ ಕುಳಿತ ಯಾರು ಬೇಕಾದರೂ ಓದಬಹುದಾಗಿತ್ತು, ತಿದ್ದಬಹುದಾಗಿತ್ತು.

ನಾನು ಹೋದಾಗ ಅವರು ಉಬುಂಟುವನ್ನು ಹೊಸದಾಗಿ ಹಾಕಲು ಪೆನ್‌ಡ್ರೈವ್ ಸಿದ್ಧಮಾಡಿಕೊಂಡು ಕುಳಿತಿದ್ದರು. ಅದರ ಅಗತ್ಯವಿರಲಿಲ್ಲ. ಫೈಲುಗಳ ಒಡೆಯರು ಬದಲಾಗಿರಲಿಲ್ಲ, ಒಳಗಿನ ಅಕ್ಷರಗಳು ಬದಲಾಗಿರಲಿಲ್ಲ, ಅನುಮತಿಯ ಅಂಕೆಗಳು ಮಾತ್ರ ಕೆಟ್ಟಿದ್ದವು. ಪಕ್ಕದಲ್ಲೇ ಅದೇ ಉಬುಂಟು ಇರುವ ಆರೋಗ್ಯವಂತ ಕಂಪ್ಯೂಟರುಗಳು ಸಾಲಾಗಿ ಇದ್ದವು. ಒಂದರಲ್ಲಿ ಗೆಟ್‌ಫ್ಯಾಕಲ್ ಎಂಬ ಕಮಾಂಡಿನಿಂದ ಇಟಿಸಿಯಲ್ಲಿರುವ ಪ್ರತಿಯೊಂದು ಫೈಲಿನ ಅನುಮತಿಯನ್ನೂ ಒಂದು ಪಟ್ಟಿಯಾಗಿ ಬರೆಸಿ, ಆ ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡೆವು. ಕೆಟ್ಟ ಕಂಪ್ಯೂಟರನ್ನು ರಿಕವರಿ ಮೋಡ್‌ನಲ್ಲಿ ಆರಂಭಿಸಿ, ಅಲ್ಲಿ ಸಿಗುವ ರೂಟ್ ಶೆಲ್ಲಿಗೆ, ಅಂದರೆ ರೂಟ್ ಹಕ್ಕಿನಲ್ಲಿ ಕಮಾಂಡ್ ಹೊಡೆಯುವ ಜಾಗಕ್ಕೆ, ಹೋದೆವು. ಅಲ್ಲಿ ಡಿಸ್ಕು ಓದಲಷ್ಟೇ ತೆರೆದಿರುವುದರಿಂದ, ಬರೆಯಲು ಬರುವಂತೆ ಅದನ್ನು ಇನ್ನೊಮ್ಮೆ ಮೌಂಟ್ ಮಾಡಬೇಕಾಯಿತು. ಬಳಿಕ ಸೆಟ್‌ಫ್ಯಾಕಲ್ ಎಂಬ ಕಮಾಂಡಿಗೆ ರಿಸ್ಟೋರ್ ಎಂದು ಹೇಳಿ ಆ ಪಟ್ಟಿಯನ್ನು ಒಪ್ಪಿಸಿದೆವು. ಹೋಸ್ಟ್ಸ್ ಮರಳಿ 644 ಆಯಿತು, ಶ್ಯಾಡೊ 640 ಆಯಿತು, ಸುಡೋಯರ್ಸ್ 440 ಆಯಿತು. ಕಂಪ್ಯೂಟರನ್ನು ಮತ್ತೆ ಆರಂಭಿಸಿದಾಗ ಸುಡೊ ಪಾಸ್‌ವರ್ಡ್ ಕೇಳಿತು. ಎಲ್ಲರ ಪಾಸ್‌ವರ್ಡುಗಳನ್ನೂ ಅಂದೇ ಬದಲಿಸಿದೆವು.

ಈ ಸಂಗತಿಯಲ್ಲಿ ನೀವು ಗಮನಿಸಬೇಕಾದದ್ದು ಆ ಕಮಾಂಡಿನ ಮೊದಲ ಪದವನ್ನು. ಅದು ಸುಡೊ. ಅಂದರೆ ಆಡಳಿತಾಧಿಕಾರ ಅವರ ಕೈಯಲ್ಲಿ ಮೊದಲಿನಿಂದಲೂ ಇತ್ತು. ಆ ಅಧಿಕಾರದಿಂದ ಫೈಲನ್ನು ತೆರೆದು ಒಂದು ಸಾಲು ಬರೆಯುವ ಬದಲು, ಅದೇ ಅಧಿಕಾರದಿಂದ ಎಲ್ಲ ಫೈಲುಗಳ ಕಾವಲನ್ನು ತೆಗೆದುಹಾಕಿದರು. ನ್ಯಾನೊ ಎಂಬ ಸರಳ ಎಡಿಟರ್‌ ಇದೆ; ‘ಸುಡೊ ನ್ಯಾನೊ’ ಎಂದು ಬರೆದು, ಮುಂದೆ ಹೋಸ್ಟ್ಸ್ ಫೈಲಿನ ದಾರಿಯನ್ನು ಕೊಟ್ಟು, ಎಂಟರ್ ಒತ್ತಿ, ಪಾಸ್‌ವರ್ಡ್ ಹೊಡೆದು, ಸಾಲು ಸೇರಿಸಿ, ಕಂಟ್ರೋಲ್ ಒ, ಎಂಟರ್, ಕಂಟ್ರೋಲ್ ಎಕ್ಸ್ ಒತ್ತಿದ್ದರೆ ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತಿತ್ತು. ಆ ವಿದ್ಯಾರ್ಥಿಯನ್ನಾಗಲಿ ಆ ಮೇಡಂ ಅವರನ್ನಾಗಲಿ ನಾನು ದೂರುವುದಿಲ್ಲ. 777 ಹಾಕಿ ಎಂದು ಕಂಡಕಂಡಲ್ಲಿ ಬರೆದು, ಅದರ ಪರಿಣಾಮವನ್ನು ಹೇಳದೆ ಬಿಡುವವರ ಮೇಲೆ ನನಗೆ ನಿಜವಾಗಿಯೂ ಬೇಸರವಿದೆ.

ಈ ಸುಡೊ ಹುಟ್ಟಿದ್ದೇ ಅಧಿಕಾರವನ್ನು ಬೇಕಾದಷ್ಟು ಮಾತ್ರ ಕೊಡುವುದಕ್ಕಾಗಿ. 1980ರ ಸುಮಾರಿಗೆ ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದ ಬಫಲೊ ಕೇಂದ್ರದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಇದನ್ನು ಬರೆದರು. ರೂಟ್ ಪಾಸ್‌ವರ್ಡನ್ನು ಹತ್ತಾರು ಜನರಿಗೆ ಹಂಚದೆ, ನಿಮ್ಮ ಸ್ವಂತ ಪಾಸ್‌ವರ್ಡಿನಿಂದಲೇ ಒಂದು ಕಮಾಂಡಿನ ಮಟ್ಟಿಗೆ ಅಧಿಕಾರ ಸಿಗುತ್ತದೆ; ಯಾರು, ಯಾವಾಗ, ಏನು ಮಾಡಿದರೆಂಬುದು ಲಾಗ್‌ನಲ್ಲಿ ದಾಖಲಾಗುತ್ತದೆ. ಉಬುಂಟುವಿನಲ್ಲಿ ರೂಟ್ ಖಾತೆಗೆ ಪಾಸ್‌ವರ್ಡನ್ನೇ ಇಡದೆ ಮುಚ್ಚಿಟ್ಟಿರುವುದೂ ಈ ಕಾರಣಕ್ಕೇ.

ಸುಡೊಎಡಿಟ್ ಎಂಬುದು ‘ಸುಡೊ ನ್ಯಾನೊ’ಗಿಂತಲೂ ಒಳ್ಳೆಯದು. ಅದು ಫೈಲಿನ ಒಂದು ಪ್ರತಿಯನ್ನು ನಿಮಗೆ ತೆರೆದುಕೊಡುತ್ತದೆ, ಎಡಿಟರ್ ನಿಮ್ಮ ಸಾಮಾನ್ಯ ಹಕ್ಕಿನಲ್ಲೇ ನಡೆಯುತ್ತದೆ, ನೀವು ಮುಗಿಸಿದ ಮೇಲೆ ಆ ಪ್ರತಿಯನ್ನು ಮೂಲ ಸ್ಥಾನಕ್ಕೆ ಬರೆಯುವಾಗ ಮಾತ್ರ ಅಧಿಕಾರ ಬಳಕೆಯಾಗುತ್ತದೆ. ಸುಡೋಯರ್ಸ್ ಫೈಲನ್ನು ತಿದ್ದಲು ಮಾತ್ರ ವಿಸುಡೊ ಒಂದನ್ನೇ ಬಳಸಿ. ತಪ್ಪು ಬರೆದಿದ್ದರೆ ಅದು ಜಾರಿಗೆ ತರುವ ಮೊದಲೇ ತಡೆದು ಕೇಳುತ್ತದೆ. ಇನ್ನೊಂದು ಸಣ್ಣ ವಿಷಯ. ಕೊಟ್ಟ ಅಕ್ಷರಗಳನ್ನು ಹಾಗೆಯೇ ಹೊರಹಾಕುವ ಎಕೊ ಕಮಾಂಡಿಗೆ ಸುಡೊ ಸೇರಿಸಿ ‘ಸುಡೊ ಎಕೊ’ ಎಂದು ಬರೆದು, ಬಾಣದ ಗುರುತಿನಿಂದ ಫೈಲಿಗೆ ಸಾಲು ಸೇರಿಸಲು ಹೋದವರಿಗೆ ಸುಡೊ ಇದ್ದೂ ಪರ್ಮಿಷನ್ ಡಿನೈಡ್ ಬರುತ್ತದೆ. ಅಲ್ಲಿ ಫೈಲನ್ನು ತೆರೆಯುವುದು ಸುಡೊ ಅಲ್ಲ, ನಿಮ್ಮ ಶೆಲ್. ಬಾಣದ ಬದಲು ಪೈಪ್ ಎಂಬ ನಿಲುಗೆರೆ ಹಾಕಿ, ಅದರ ಮುಂದೆ ಬಂದ ಅಕ್ಷರಗಳನ್ನು ಫೈಲಿಗೆ ಬರೆಯುವ ‘ಸುಡೊ ಟೀ’ ಬಳಸಿ, ಹಳೆಯ ಸಾಲುಗಳು ಅಳಿಯದಂತೆ ಅದಕ್ಕೆ ಅಡ್ಡಗೆರೆ ಎ ಸೇರಿಸಿ.

ಸಮಯ ಕಡಿಮೆ ಉಳಿದಿದೆ, ವಿಂಡೋಸ್ ಬಳಸುವವರಿಗೆ ಚುಟುಕಾಗಿ ಹೇಳುತ್ತೇನೆ. 2007ರಲ್ಲಿ ಬಂದ ವಿಸ್ಟಾದಿಂದೀಚೆಗೆ ನೀವು ಅಡ್ಮಿನಿಸ್ಟ್ರೇಟರ್ ಆಗಿದ್ದರೂ ಪ್ರೋಗ್ರಾಮುಗಳು ಸಾಮಾನ್ಯ ಹಕ್ಕಿನಲ್ಲೇ ನಡೆಯುತ್ತವೆ. ಸ್ಟಾರ್ಟ್ ಮೆನುವಿನಲ್ಲಿ ನೋಟ್‌ಪ್ಯಾಡ್ ಹುಡುಕಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ರನ್ ಆಸ್ ಅಡ್ಮಿನಿಸ್ಟ್ರೇಟರ್’ ಆರಿಸಿ, ಯೆಸ್ ಎನ್ನಿ. ನಂತರ ನೋಟ್‌ಪ್ಯಾಡಿನ ಒಳಗಿನಿಂದಲೇ ಹೋಸ್ಟ್ಸ್ ಫೈಲನ್ನು ತೆರೆಯಿರಿ. ವಿಂಡೋಸ್ ಫೋಲ್ಡರಿನಿಂದ ಸಿಸ್ಟಮ್32, ಡ್ರೈವರ್ಸ್, ಇಟಿಸಿ ಎಂದು ಒಳಗೆ ಹೋದಾಗ ಫೋಲ್ಡರು ಖಾಲಿ ಕಂಡರೆ ಗಾಬರಿಯಾಗಬೇಡಿ. ಹೋಸ್ಟ್ಸ್ ಫೈಲಿಗೆ ಹೆಸರಿನ ಕೊನೆಯಲ್ಲಿ ‘ಡಾಟ್ ಟಿಎಕ್ಸ್‌ಟಿ’ಯಂಥ ಬಾಲವಿಲ್ಲ, ಕೆಳಗೆ ‘ಆಲ್ ಫೈಲ್ಸ್’ ಎಂದು ಬದಲಿಸಿದರೆ ಕಾಣುತ್ತದೆ. ಟ್ರಸ್ಟೆಡ್‌ಇನ್‌ಸ್ಟಾಲರ್ ಎಂಬ ವಿಂಡೋಸ್‌ನದೇ ಖಾತೆಯ ಒಡೆತನದಲ್ಲಿರುವ ಫೈಲುಗಳ ಒಡೆತನವನ್ನು ನಿಮ್ಮ ಹೆಸರಿಗೆ ಮಾಡಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದೂ ಫೈಲಿನ ಅನುಮತಿಯನ್ನು ಕೆಡಿಸುವ ದಾರಿಯೇ.

ಮ್ಯಾಕ್‌ನಲ್ಲಿ 2015ರ ಎಲ್ ಕ್ಯಾಪಿಟನ್ ಆವೃತ್ತಿಯಿಂದ ಸಿಸ್ಟಮ್ಮಿನ ಮುಖ್ಯ ಫೋಲ್ಡರುಗಳನ್ನು ರೂಟ್ ಕೂಡ ಮುಟ್ಟುವಂತಿಲ್ಲ. ಆ ರಕ್ಷಣೆಯನ್ನು ತೆಗೆಯಬೇಡಿ; ಹೋಸ್ಟ್ಸ್ ಫೈಲು ಅದರ ಹೊರಗಿದೆ, ಸುಡೊ ಸಾಕು.

ಈ ಕಾರ್ಯಕ್ರಮ ಮುಗಿದ ಮೇಲೆ, ನಿಮ್ಮದು ಲಿನಕ್ಸ್ ಆದರೆ, ಟರ್ಮಿನಲ್ ತೆರೆದು ‘ಎಲ್‌ಎಸ್ ಅಡ್ಡಗೆರೆ ಎಲ್’ ಎಂದು ಬರೆದು ಹೋಸ್ಟ್ಸ್ ಫೈಲಿನ ಸಾಲನ್ನು ನೋಡಿ. ಮೊದಲಿಗೆ ಆರ್ ಮತ್ತು ಡಬ್ಲ್ಯು, ನಂತರ ಬರೀ ಆರ್, ಕೊನೆಯಲ್ಲಿ ಮತ್ತೆ ಬರೀ ಆರ್ ಇದ್ದರೆ ಎಲ್ಲವೂ ಸರಿಯಾಗಿದೆ. ಆರ್, ಡಬ್ಲ್ಯು, ಎಕ್ಸ್ ಮೂರೂ ಮೂರು ಸಲ ಬಂದಿದ್ದರೆ ಯಾರೋ ಅಲ್ಲಿ 777 ಹಾಕಿದ್ದಾರೆ. ‘ಸುಡೊ ಸಿಎಚ್‌ಮಾಡ್ 644’ ಎಂದು ಆ ಒಂದು ಫೈಲಿನ ಹೆಸರು ಕೊಟ್ಟು ಸರಿಪಡಿಸಿ, ಅಕ್ಕಪಕ್ಕದ ಫೈಲುಗಳನ್ನೂ ಒಮ್ಮೆ ನೋಡಿ. ನಮಸ್ಕಾರ.